ತೋಟದಿಂದ ಶಾಲೆಗೆ ಹೋದ ಹುಡುಗರು

ಜೂನ್ ತಿಂಗಳು ಬಂತೆಂದರೆ ನಮ್ಮ ಸೀಮೆಯ ಮನೆಗಳಲ್ಲಿ ಎಲ್ಲ ಕೆಲಸವೂ ಒಟ್ಟಿಗೇ ತಲೆಯ ಮೇಲೆ ಬೀಳುತ್ತದೆ. ಅಡಿಕೆಯವರಿಗೆ ಮಳೆ ಹಿಡಿಯುವುದರೊಳಗೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಸಬೇಕು. ಕೊನೆಗಾರ ಸಿಗಬೇಕು, ಮೈಲುತುತ್ತ ಸಿಗಬೇಕು, ಎರಡು ದಿನ ಬಿಸಿಲೂ ಸಿಗಬೇಕು. ಕಾಫಿಯವರಿಗೆ ಮರಗಸಿ ಮುಗಿಸುವ ಅವಸರ. ಇದರ ನಡುವೆಯೇ ಶಾಲೆಗಳು ತೆರೆಯುತ್ತವೆ. ಹಾಸ್ಟೆಲಿಗೆ ಹೋಗುವ ಹುಡುಗನ ಪೆಟ್ಟಿಗೆ ತುಂಬಬೇಕು, ಫೀಸು ಹೊಂದಿಸಬೇಕು, ಬಸ್ಸಿನವರೆಗೆ ಹೋಗಿ ಕಳಿಸಿ ಬರಬೇಕು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ತಂದೆಯಾದವನು ಯಾರೊಡನೆಯೂ ಹೆಚ್ಚು ಮಾತಾಡದೆ ತೋಟದ ಕಡೆ ನಡೆಯುತ್ತಾನೆ. ಇದು ನಮ್ಮ ಸದಸ್ಯ ಬಾಂಧವರಲ್ಲಿ ಬಹುಮಂದಿಗೆ ಗೊತ್ತಿರುವ ಸಂಗತಿ.

ಇಂಥದೇ ಒಂದು ದಿನ ಸಂಘದ ಹಿರಿಯ ಸದಸ್ಯರೊಬ್ಬರು ಗೊಬ್ಬರದ ಲೆಕ್ಕ ವಿಚಾರಿಸಲು ನಮ್ಮ ಕಚೇರಿಗೆ ಬಂದಿದ್ದರು. ಕೆಲಸ ಮುಗಿದ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಅವರು ಓದಿದ ಗಂಡುಮಕ್ಕಳ ಶಾಲೆಯ ಗುಂಪು ಚಿತ್ರ ಅದು. ನಾಲ್ಕು ಸಾಲು ಹುಡುಗರು, ನಡುವೆ ಕುರ್ಚಿಗಳ ಮೇಲೆ ಮೇಷ್ಟರುಗಳು, ನೆಲದ ಮೇಲೆ ಕುಳಿತ ಚಿಕ್ಕವರು. ಒಂದು ಮೂಲೆಗೆ ಮಳೆಗಾಲದ ಬೂಷ್ಟು ಹಿಡಿದಿತ್ತು. ತಿರುಗಿಸಿ ನೋಡಿದರೆ ಹಿಂದೆ ಪೆನ್ಸಿಲಿನಲ್ಲಿ ಆರೇ ಆರು ಹೆಸರು. ಒಂದರ ಮುಂದೆ ಎಂಜಿನಿಯರ್ ಎಂದು, ಇನ್ನೊಂದರ ಮುಂದೆ ಡಾಕ್ಟರ್ ಎಂದು, ಮತ್ತೊಂದರ ಮುಂದೆ ದೆಹಲಿ ಎಂದು ಬರೆದಿತ್ತು.

‘ಉಳಿದವರು ಯಾರು?’ ಎಂದು ನಾವು ಕೇಳಿದೆವು.

‘ಉಳಿದವರೆಲ್ಲ ವಾಪಸು ತೋಟಕ್ಕೇ ಬಂದರು. ಅದರಲ್ಲಿ ಬರೆಯುವಂಥದ್ದೇನಿದೆ?’ ಎಂದು ಅವರು ನಕ್ಕರು.

ಆ ಮಾತು ನಮ್ಮನ್ನು ಬಿಡಲಿಲ್ಲ. ಶಾಲೆ ಬಿಟ್ಟು ಹೋದ ಹುಡುಗರನ್ನು ನಾವು ಹೇಗೆ ನೆನೆಯುತ್ತೇವೆ, ಯಾರನ್ನು ನೆನೆಯುತ್ತೇವೆ, ಯಾರನ್ನು ಮರೆಯುತ್ತೇವೆ ಎಂಬ ವಿಚಾರವನ್ನು ಬೆಳೆಗಾರ ಬಂಧುಗಳ ಮುಂದಿಡಬೇಕೆಂದು ಈ ಲೇಖನ. ಮೊದಲು ಹೆಸರು ಉಳಿದವರ ಕಥೆಯನ್ನೇ ನೋಡೋಣ. ಅದಕ್ಕಾಗಿ ನಮ್ಮ ಕಾಫಿ ನಾಡಿನ ಹುಡುಗರು ಓದಿದ, ಎಲ್ಲರೂ ಬಲ್ಲ ಒಂದು ಶಾಲೆಯನ್ನು ಆರಿಸಿಕೊಂಡಿದ್ದೇವೆ. ಆಮೇಲೆ ಆ ಫೋಟೋಗೆ ಹಿಂತಿರುಗೋಣ.

ಬೆಂಗಳೂರಿನ ಒಂದು ಶಾಲೆ

ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆ 1865ರಲ್ಲಿ ಆರಂಭವಾಯಿತು. ಇದನ್ನು ಪ್ರಾರಂಭಿಸಿದವರು ಪಾದ್ರಿ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ. ಶಾಲೆಗೆ ಹೆಸರು ಬಂದದ್ದು ಆಗ ಕಲ್ಕತ್ತೆಯ ಬಿಷಪ್ಪರಾಗಿದ್ದ ಜಾರ್ಜ್ ಕಾಟನ್ ಅವರಿಂದ. ಅವರು ಮರುವರ್ಷವೇ, 1866ರ ಅಕ್ಟೋಬರಿನಲ್ಲಿ, ಬಂಗಾಳದ ಕುಷ್ಟಿಯಾ ಎಂಬಲ್ಲಿ ದೋಣಿ ಹತ್ತುವಾಗ ಕಾಲು ಜಾರಿ ನದಿಗೆ ಬಿದ್ದು ತೀರಿಕೊಂಡರು. ಮುಂದೆ ಈ ಶಾಲೆಯನ್ನು ಬೆಳೆಸಿದವರಲ್ಲಿ ಜಿ. ಯು. ಪೋಪ್ ಮುಖ್ಯರು. ತಮಿಳಿನ ತಿರುಕ್ಕುರಳನ್ನು ಇಂಗ್ಲಿಷಿಗೆ ತಂದು 1886ರಲ್ಲಿ ಪ್ರಕಟಿಸಿದ ವಿದ್ವಾಂಸರು ಇವರೇ.

ಮೊದಮೊದಲು ಇದು ಬಿಳಿಯರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗಾಗಿ ಇದ್ದ ಶಾಲೆ. ಕೊಡಗಿನಲ್ಲಿ 1854ರ ಸುಮಾರಿನಿಂದ ಬಿಳಿಯ ದೊರೆಗಳು ದೊಡ್ಡ ಪ್ರಮಾಣದಲ್ಲಿ ಕಾಫಿ ತೋಟ ಎಬ್ಬಿಸತೊಡಗಿದ್ದರು. ಅವರ ಮಕ್ಕಳಿಗೆ ಸುತ್ತಮುತ್ತ ಅಂಥ ಶಾಲೆಯಿರಲಿಲ್ಲ. ಕೊಡಗಿಗೆ ರೈಲೂ ಇರಲಿಲ್ಲ, ಇಂದಿಗೂ ಇಲ್ಲ. ಹುಡುಗರನ್ನು ಮೈಸೂರಿನವರೆಗೆ ಗಾಡಿಯಲ್ಲಿ ಕರೆತಂದು ಅಲ್ಲಿ ರೈಲು ಹತ್ತಿಸಬೇಕಿತ್ತು. ಮುಂದೆ ನಮ್ಮವರ ಮನೆಗಳ ಹುಡುಗರೂ ಅದೇ ದಾರಿಯಲ್ಲಿ ಹೋದರು. ದೊರೆಯ ಮಗನಾಗಲಿ ನಮ್ಮವನ ಮಗನಾಗಲಿ, ಹತ್ತು ವರ್ಷದ ಹುಡುಗನಿಗೆ ಮನೆ ಬಿಟ್ಟು ಹೋಗುವ ಸಂಕಟ ಒಂದೇ ಅಲ್ಲವೆ?

ಪಾಲಿಬೆಟ್ಟದ ಹುಡುಗ

ದಕ್ಷಿಣ ಕೊಡಗಿನ ಪಾಲಿಬೆಟ್ಟದ ಹತ್ತಿರ ಕೈಮಬೆಟ್ಟ ಎಂಬ ಕಾಫಿ ಎಸ್ಟೇಟು. ಅಲ್ಲಿ ಹೊರೇಸ್ ರಾಬಿನ್ಸನ್ ಎಂಬ ಪ್ಲಾಂಟರರ ಕಿರಿಯ ಮಗನಾಗಿ 1895ರ ಜುಲೈ 14ರಂದು ವಿಲಿಯಂ ಲೀಫ್ ರಾಬಿನ್ಸನ್ ಹುಟ್ಟಿದ. ಜುಲೈ ಎಂದರೆ ಆ ಕಡೆ ಹೇಗಿರುತ್ತದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಹೊರಗೆ ಎಡೆಬಿಡದ ಮಳೆ, ಕಾಲಿಗೆ ಜಿಗಣೆ, ಒಲೆಯ ಸುತ್ತ ಒಣಗಲು ಹಾಕಿದ ಕಂಬಳಿ. ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದು ಮತ್ತೆ ಕೊಡಗಿಗೆ ಬಂದ ಮೇಲೆ ಹುಡುಗನನ್ನು ಬಿಷಪ್ ಕಾಟನ್ ಶಾಲೆಗೆ ಸೇರಿಸಿದರು. 1909ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಸಮುದ್ರ ದಾಟಿಸಿ ಇಂಗ್ಲೆಂಡಿನ ಸೇಂಟ್ ಬೀಸ್ ಶಾಲೆಗೆ ಕಳಿಸಿದರು. ಅವನ ಅಣ್ಣ ಹೆರಾಲ್ಡನೂ ಅದೇ ಶಾಲೆಯಲ್ಲಿದ್ದ. ಅಣ್ಣನ ನಂತರ ತಮ್ಮ ಆ ವಸತಿಗೃಹದ ನಾಯಕನಾದ.

1914ರಲ್ಲಿ ಮೊದಲನೆಯ ಮಹಾಯುದ್ಧ ಬಂತು. ರಾಬಿನ್ಸನ್ ಸ್ಯಾಂಡ್‌ಹರ್ಸ್ಟಿನ ಸೇನಾ ಶಾಲೆ ಸೇರಿ, ಅಧಿಕಾರಿಯಾಗಿ, ಆಮೇಲೆ ವಿಮಾನ ದಳಕ್ಕೆ ಹೋದರು. ಫ್ರಾನ್ಸಿನ ಮೇಲೆ ಹಾರುವಾಗ ಗಾಯಗೊಂಡು, ಗುಣವಾದ ಮೇಲೆ ವಿಮಾನ ನಡೆಸಲು ಕಲಿತರು. ಆಗ ಜರ್ಮನರು ಅನಿಲ ತುಂಬಿದ ಭಾರಿ ಆಕಾಶನೌಕೆಗಳಲ್ಲಿ ರಾತ್ರಿ ಹೊತ್ತು ಬಂದು ಇಂಗ್ಲೆಂಡಿನ ಊರುಗಳ ಮೇಲೆ ಬಾಂಬು ಹಾಕುತ್ತಿದ್ದರು. ಅವು ಬಹಳ ಎತ್ತರದಲ್ಲಿ ತೇಲುತ್ತಿದ್ದುದರಿಂದ ವಿಮಾನಗಳು ಅಲ್ಲಿಗೆ ಏರಿ ತಲುಪುವುದೇ ಕಷ್ಟವಾಗಿತ್ತು. ಇಂಗ್ಲೆಂಡಿನ ನೆಲದ ಮೇಲೆ ಅಂಥ ಒಂದನ್ನೂ ಅದುವರೆಗೆ ಯಾರೂ ಕೆಡವಿರಲಿಲ್ಲ.

1916ರ ಸೆಪ್ಟೆಂಬರ್ 2ರ ರಾತ್ರಿ ಕಳೆದು 3ರ ಬೆಳಗಾಗುವ ಮುನ್ನ ರಾಬಿನ್ಸನ್ ಒಬ್ಬರೇ ತಮ್ಮ ಸಣ್ಣ ವಿಮಾನದಲ್ಲಿ ಹನ್ನೊಂದು ಸಾವಿರ ಅಡಿಗೂ ಮೇಲೇರಿ, ಎಸ್. ಎಲ್. 11 ಎಂಬ ಆಕಾಶನೌಕೆಯನ್ನು ಹಿಡಿದರು. ಅದರ ಉದ್ದಕ್ಕೂ ಒಂದು ಸಲ ಗುಂಡು ಹಾರಿಸಿದರು, ಏನೂ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಬಾರಿ ಹಿಂದುಗಡೆ ಒಂದೇ ಜಾಗಕ್ಕೆ ಗುರಿಯಿಟ್ಟಾಗ ಬೆಂಕಿ ಹತ್ತಿತು. ಉರಿಯುತ್ತ ಅದು ಲಂಡನ್ನಿನ ಉತ್ತರಕ್ಕಿರುವ ಕಫ್ಲಿ ಎಂಬ ಹಳ್ಳಿಯಲ್ಲಿ ಬಿತ್ತು. ಸಾವಿರಾರು ಜನ ಬೀದಿಗೆ ಬಂದು ನೋಡಿ ಕುಣಿದರು. ಕೆಲವೇ ದಿನಗಳಲ್ಲಿ ಆ ದೇಶದ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ರಾಬಿನ್ಸನ್ನರಿಗೆ ಸಂದಿತು.

ಆ ಆಕಾಶನೌಕೆಯಲ್ಲಿ 16 ಮಂದಿ ಜರ್ಮನರಿದ್ದರು, ಒಬ್ಬನೂ ಉಳಿಯಲಿಲ್ಲ. ಅವರೂ ಯಾವುದೋ ಊರಿನ ಯಾವುದೋ ಶಾಲೆಯಲ್ಲಿ ಓದಿದ ಹುಡುಗರೇ. ಜನರು ಹಾಡಿ ಹೊಗಳುವಾಗ ಇಂಥ ಮಾತು ನೆನಪಿಗೆ ಬರುವುದು ಕಡಿಮೆ. ಅದಕ್ಕೇ ಇಲ್ಲಿ ಒಂದು ಸಾಲು ಬರೆದಿದ್ದೇವೆ.

ಕೀರ್ತಿ ಬಂದಷ್ಟೇ ಬೇಗ ಕಷ್ಟವೂ ಬಂತು. ಅಣ್ಣ ಹೆರಾಲ್ಡ್ ಆ ಮೊದಲೇ ಮೆಸೊಪೊಟೇಮಿಯದ ಯುದ್ಧದಲ್ಲಿ ಸತ್ತಿದ್ದರು. 1917ರ ಏಪ್ರಿಲ್‌ನಲ್ಲಿ ರಾಬಿನ್ಸನ್ ಹೊಸ ಮಾದರಿಯ ಆರು ವಿಮಾನಗಳ ತಂಡವನ್ನು ಫ್ರಾನ್ಸಿನ ಮೇಲೆ ನಡೆಸಿಕೊಂಡು ಹೋದಾಗ ಜರ್ಮನರು ನಾಲ್ಕನ್ನು ಕೆಡವಿದರು. ಸೆರೆಸಿಕ್ಕ ಅವರು ಮತ್ತೆ ಮತ್ತೆ ತಪ್ಪಿಸಿಕೊಳ್ಳಲು ಯತ್ನಿಸಿ, ಏಕಾಂತ ಶಿಕ್ಷೆ ಅನುಭವಿಸಿ, ದೇಹ ಸೊರಗಿಸಿಕೊಂಡರು. ಯುದ್ಧ ಮುಗಿದು 1918ರ ಡಿಸೆಂಬರಿನಲ್ಲಿ ಬಿಡುಗಡೆಯಾಗಿ ಇಂಗ್ಲೆಂಡಿಗೆ ಬಂದರು. ಆಗ ಲೋಕವನ್ನೆಲ್ಲ ಹಿಡಿದಿದ್ದ ಇನ್‌ಫ್ಲುಯೆಂಜಾ ಜ್ವರ ಅವರಿಗೂ ತಗಲಿ, ಅದೇ ಡಿಸೆಂಬರ್ 31ರಂದು ತೀರಿಕೊಂಡರು. ವಯಸ್ಸು 23. ಸಮಾಧಿ ಲಂಡನ್ನಿನ ಹೊರವಲಯದ ಹ್ಯಾರೋ ವೀಲ್ಡ್‌ನಲ್ಲಿದೆ. ಆಕಾಶನೌಕೆ ಬಿದ್ದ ಕಫ್ಲಿಯಲ್ಲಿ 1921ರಲ್ಲಿ ಒಂದು ಸ್ಮಾರಕ ಸ್ತಂಭ ನಿಲ್ಲಿಸಿದರು.

ಕಾಫಿ ತೋಟದಲ್ಲಿ ಹುಟ್ಟಿದ ಅಣ್ಣತಮ್ಮಂದಿರನ್ನು ಶಾಲೆಗೆಂದು ಕಳಿಸಿದ ಮನೆಗೆ ಕೊನೆಗೆ ಬಂದದ್ದು ಪದಕದ ಸುದ್ದಿ ಮತ್ತು ಎರಡು ಸಾವಿನ ಸುದ್ದಿ. ಶಾಲೆಗಳ ಹೆಮ್ಮೆಯ ಪಟ್ಟಿಯಲ್ಲಿ ಮೊದಲನೆಯದು ಕಾಣುತ್ತದೆ; ಎರಡನೆಯದನ್ನು ಹೊರುವುದು ಮನೆಯವರು.

ಮಡಿಕೇರಿಯ ಹುಡುಗ

ರಾಬಿನ್ಸನ್ ಹುಟ್ಟಿ ಹನ್ನೊಂದನೆಯ ವರ್ಷಕ್ಕೆ, 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ ಕೊಡಂದೇರ ಮನೆತನದಲ್ಲಿ ಹುಟ್ಟಿದವರು ತಿಮ್ಮಯ್ಯನವರು. ಅವರದೂ ಕಾಫಿ ಬೆಳೆಗಾರರ ಮನೆ. ಎಂಟರ ಎಳೆ ವಯಸ್ಸಿನಲ್ಲೇ ಅವರನ್ನು ನೀಲಗಿರಿಯ ಕೂನೂರಿನ ಸೇಂಟ್ ಜೋಸೆಫ್ ಶಾಲೆಗೆ ಕಳಿಸಿದರು. ಅಲ್ಲಿಂದ ಬಂದು ಸೇರಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. ಬಿಳಿಯರ ಮಕ್ಕಳಿಗೆಂದು ಹುಟ್ಟಿದ ಶಾಲೆಯಲ್ಲಿ ನಮ್ಮ ಬೆಟ್ಟದ ಹುಡುಗ ಬೆಂಚಿಗೆ ಬೆಂಚು ತಾಗಿಸಿ ಕುಳಿತು ಓದಿದ. ಬಳಿಕ ಡೆಹ್ರಾಡೂನಿನ ಸೇನಾ ಶಾಲೆ, ಅಲ್ಲಿಂದ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾಗಿ ಸೈನ್ಯ ಸೇರಿದರು. ಪಾಲಿಬೆಟ್ಟದ ಹುಡುಗನೂ ಮಡಿಕೇರಿಯ ಹುಡುಗನೂ ನಡೆದ ದಾರಿ ಬಹುಮಟ್ಟಿಗೆ ಒಂದೇ: ಕೊಡಗಿನ ಕಾಫಿ ತೋಟ, ಬೆಂಗಳೂರಿನ ಆ ಶಾಲೆ, ಸ್ಯಾಂಡ್‌ಹರ್ಸ್ಟಿನ ಕವಾಯತು ಮೈದಾನ. ಅದೃಷ್ಟ ಮಾತ್ರ ಬೇರೆ.

1935ರಲ್ಲಿ ಕ್ವೆಟ್ಟಾ ಭೂಕಂಪವಾದಾಗ ತಿಮ್ಮಯ್ಯನವರೂ ಅವರ ಪತ್ನಿ ನೀನಾ ಅವರೂ ಅಲ್ಲೇ ಇದ್ದು ಗಾಯಾಳುಗಳ ಸೇವೆ ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ಪ್ರದೇಶದಲ್ಲಿ ಕಾಲಾಳು ಬ್ರಿಗೇಡನ್ನು ರಣರಂಗದಲ್ಲಿ ನಡೆಸಿದ ಭಾರತೀಯ ಅಧಿಕಾರಿ ಅವರೊಬ್ಬರೇ. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿ ಲಾ ಕಣಿವೆಯಲ್ಲಿ, ಹನ್ನೊಂದು ಸಾವಿರ ಅಡಿಗೂ ಮೇಲಿನ ಹಿಮದ ದಾರಿಯಲ್ಲಿ, ಯಾರೂ ಊಹಿಸದಂತೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ಹಾದಿ ತೆರೆಸಿದರು. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ, ಸ್ವದೇಶಕ್ಕೆ ಮರಳಲೊಪ್ಪದ 22 ಸಾವಿರಕ್ಕೂ ಮಿಕ್ಕ ಸೆರೆಯಾಳುಗಳ ವಿಚಾರ ನೋಡಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರು. 1959ರಲ್ಲಿ ರಕ್ಷಣಾ ಮಂತ್ರಿಗಳೊಡನೆ ಭಿನ್ನಾಭಿಪ್ರಾಯವಾಗಿ ರಾಜೀನಾಮೆ ಕೊಟ್ಟು, ಪ್ರಧಾನಿ ನೆಹರೂ ಅವರ ಮಾತಿಗೆ ಹಿಂತೆಗೆದುಕೊಂಡದ್ದನ್ನು ಹಿರಿಯ ಓದುಗರು ಬಲ್ಲರು.

ನಿವೃತ್ತರಾದ ಮೇಲೂ ಕರೆ ಬಂತು. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಸೈಪ್ರಸ್ ದ್ವೀಪಕ್ಕೆ ಹೋದರು. 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ಅಲ್ಲೇ ತೀರಿಕೊಂಡರು. ಸೈಪ್ರಸ್ ಸರ್ಕಾರ 1966ರಲ್ಲಿ ಅವರ ಚಿತ್ರದ ಅಂಚೆಚೀಟಿ ತಂದಿತು. ಅಲ್ಲಿನ ಲಾರ್ನಾಕಾ ಪಟ್ಟಣದಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ.

ಇಷ್ಟು ಮಾತ್ರ ಹೇಳಿದರೆ ಮನೆಯ ಕಥೆ ಪೂರ್ತಿಯಾಗುವುದಿಲ್ಲ. ಆ ಮನೆಯಿಂದ ಸೈನ್ಯಕ್ಕೆ ಹೋದವರು ಮೂವರು ಅಣ್ಣತಮ್ಮಂದಿರು. ಅಣ್ಣ ಪೊನ್ನಪ್ಪನವರು ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜನ್ನು ಸೇರಿದರು. ಅದೇ ಯುದ್ಧದಲ್ಲಿ ತಮ್ಮ ತಿಮ್ಮಯ್ಯನವರು ಎದುರು ಪಕ್ಷದ ಸೈನ್ಯದಲ್ಲಿದ್ದರು. ಕಿರಿಯವರಾದ ಸೋಮಯ್ಯನವರು 1947–48ರ ಕಾಶ್ಮೀರದ ಕಾರ್ಯಾಚರಣೆಯಲ್ಲಿ ನೆಲಬಾಂಬಿನ ಅವಘಡಕ್ಕೆ ಬಲಿಯಾದರು. ಜನರಲ್ ತಿಮ್ಮಯ್ಯನವರನ್ನು ದೇಶ ಬಲ್ಲದು. ಉಳಿದ ಇಬ್ಬರನ್ನು ನಮ್ಮ ಮಕ್ಕಳಲ್ಲಿ ಎಷ್ಟು ಜನ ಬಲ್ಲರು?

ಅವರು ಬೆಳೆದ ‘ಸನ್ನಿ ಸೈಡ್’ ಮನೆ ಮಡಿಕೇರಿಯಲ್ಲಿದೆ. ಬಹುಕಾಲ ಅದು ಸರ್ಕಾರಿ ಕಚೇರಿಯಾಗಿತ್ತು. ಕಡೆಗೆ ಅದನ್ನು ದುರಸ್ತಿ ಮಾಡಿಸಿ, 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಪೇಟೆಯ ವೃತ್ತದಲ್ಲಿದ್ದ ಅವರ ಪ್ರತಿಮೆಗೆ 2023ರಲ್ಲಿ ಬಸ್ಸು ತಗಲಿ ಉರುಳಿದಾಗ ಊರಿನ ಜನ ತಮ್ಮ ಮನೆಯ ಹಿರಿಯರೇ ಬಿದ್ದಂತೆ ನೊಂದುಕೊಂಡರು. ಪ್ರತಿಮೆಯನ್ನು ಸರಿಪಡಿಸಿ ಮತ್ತೆ ನಿಲ್ಲಿಸಲಾಯಿತು. ನೆನಪು ತಾನಾಗಿ ಉಳಿಯುವುದಿಲ್ಲ, ಯಾರಾದರೂ ಎತ್ತಿ ನಿಲ್ಲಿಸಬೇಕು ಎಂಬುದಕ್ಕೆ ಇದೇ ನಿದರ್ಶನ.

ತುಮಕೂರಿನ ಹುಡುಗ

ಆ ಶಾಲೆ ಸೈನಿಕರನ್ನೇ ತಯಾರಿಸಿತೆಂದು ತಿಳಿಯಬಾರದು. ತೆಂಗು ಅಡಿಕೆಯ ನಾಡಾದ ತುಮಕೂರಿನಲ್ಲಿ 1925ರ ಜನವರಿ 28ರಂದು ಹುಟ್ಟಿದ ರಾಜಾ ರಾಮಣ್ಣನವರೂ ಅಲ್ಲಿ ಓದಿದವರು. ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು, ಹೋಮಿ ಭಾಭಾ ಅವರ ಸಂಸ್ಥೆ ಸೇರಿ, ದೇಶದ ಅಣುವಿಜ್ಞಾನಿಗಳಲ್ಲಿ ಅಗ್ರಗಣ್ಯರಾದರು. 1974ರ ಮೇ 18ರಂದು ರಾಜಸ್ಥಾನದ ಪೋಖರಣದಲ್ಲಿ ನಡೆದ ಅಣು ಪರೀಕ್ಷೆಯ ಮುಂದಾಳುತನ ಅವರದು. 1990ರಲ್ಲಿ ರಕ್ಷಣಾ ಖಾತೆಯ ರಾಜ್ಯಮಂತ್ರಿಯೂ ಆದರು. ಇಷ್ಟಾದರೂ ಎಳವೆಯಲ್ಲಿ ಕಲಿತ ಪಿಯಾನೋ ವಾದನವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ನಮ್ಮ ರಾಗ ಪದ್ಧತಿಯನ್ನೂ ಪಾಶ್ಚಾತ್ಯ ಸಂಗೀತವನ್ನೂ ಹೋಲಿಸಿ ಪುಸ್ತಕವನ್ನೇ ಬರೆದರು. 2004ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಶಾಲೆ ಕೊಟ್ಟದ್ದು ಕೆಲಸಕ್ಕೆ ಬೇಕಾದ ವಿದ್ಯೆ ಮಾತ್ರವಲ್ಲ, ಸಂಜೆ ಹೊತ್ತು ಒಬ್ಬನೇ ಕುಳಿತಾಗ ಜೊತೆಯಾಗುವಂಥದ್ದೂ ಇದ್ದೀತು ಎಂಬುದನ್ನು ಇವರ ಜೀವನದಿಂದ ತಿಳಿಯಬಹುದು.

ಫೋಟೋದ ಉಳಿದ ಹುಡುಗರು

ಈಗ ನಮ್ಮ ಹಿರಿಯ ಸದಸ್ಯರ ಫೋಟೋಗೆ ಬರೋಣ. ಬೂಷ್ಟು ಹಿಡಿದ ಆ ಚಿತ್ರವನ್ನು ಮುಂದಿಟ್ಟುಕೊಂಡು ‘ಒಬ್ಬೊಬ್ಬರ ಹೆಸರೂ ಹೇಳಿ ನೋಡೋಣ’ ಎಂದೆವು. ಅವರು ಕನ್ನಡಕ ಒರೆಸಿಕೊಂಡು ಬೆರಳಿಟ್ಟು ಹೇಳುತ್ತಾ ಹೋದರು. ಅರವತ್ತು ವರ್ಷ ಕಳೆದಿದ್ದರೂ ಮೂವರ ಹೊರತು ಎಲ್ಲರ ಹೆಸರೂ ಬಂತು, ಅಡ್ಡಹೆಸರೂ ಬಂತು.

ಎರಡನೆಯ ಸಾಲಿನಲ್ಲಿ ಚಡ್ಡಿ ದೊಡ್ಡದಾಗಿರುವ ಒಬ್ಬ ಹುಡುಗ. ಹಾಸ್ಟೆಲಿನ ಹಿತ್ತಲಿನ ಅಡಿಕೆ ಮರ ಹತ್ತಿ ಮೇಷ್ಟರಿಂದ ಏಟು ತಿಂದವನಂತೆ. ಊರಿಗೆ ಹೋದ ಮೇಲೆ ಅವನ ತೋಟಕ್ಕೆ ಹಿಡಿದ ಕೊಳೆರೋಗವನ್ನು ತಾನೇ ಮರ ಹತ್ತಿ ಮದ್ದು ಹೊಡೆದು ನಿಲ್ಲಿಸಿದ. ಕೊನೆಗಾರರಿಲ್ಲದ ವರ್ಷ ನೆರೆಯ ವಿಧವೆಯೊಬ್ಬರ ತೋಟಕ್ಕೂ ಹೊಡೆದುಕೊಟ್ಟ. ಅವನ ಪಕ್ಕದವನು ಲೆಕ್ಕದಲ್ಲಿ ಚುರುಕು. ಸಂಘ ಕಷ್ಟದಲ್ಲಿದ್ದ ಒಂದು ಕಾಲದಲ್ಲಿ ಸಂಬಳವಿಲ್ಲದೆ ಎರಡು ವರ್ಷ ಸಂಘದ ಲೆಕ್ಕ ಬರೆದ. ತುದಿಯಲ್ಲಿ ನಿಂತವನು ಹತ್ತನೇ ತರಗತಿಯಲ್ಲಿ ಎರಡು ಬಾರಿ ನಪಾಸಾಗಿ, ನಾಚಿಕೆಯಿಂದ ಊರಿಗೂ ಹೋಗದೆ ಎಲ್ಲಿಗೋ ಹೋದ; ಅವನ ಸುದ್ದಿ ಮತ್ತೆ ಬರಲಿಲ್ಲ. ಅವನ ಹೆಸರು ಹೇಳುವಾಗ ಹಿರಿಯರ ದನಿ ಸಣ್ಣಗಾಯಿತು.

ಮುಂದೆ ಅವರು ತೋರಿಸಿದ್ದು ಅಕ್ಕಪಕ್ಕ ಕುಳಿತ ಅಣ್ಣತಮ್ಮಂದಿರನ್ನು. ತಮ್ಮನ ಹೆಸರು ಫೋಟೋದ ಹಿಂದೆ ಇತ್ತು. ಎಂಜಿನಿಯರ್ ಎಂದು ಬರೆದಿದ್ದುದು ಅವನ ಮುಂದೆಯೇ. ಅಣ್ಣನ ಹೆಸರಿರಲಿಲ್ಲ. ಅದೇ ವರ್ಷ ಅವರ ತಂದೆ ತೀರಿಕೊಂಡರು. ಇಬ್ಬರಿಗೂ ಫೀಸು ಕಟ್ಟುವ ಶಕ್ತಿ ಮನೆಗೆ ಇರಲಿಲ್ಲ. ಅಣ್ಣ ಶಾಲೆ ಬಿಟ್ಟು ತೋಟ ಹಿಡಿದ. ನೆರಳು ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿ, ಆ ಮೆಣಸು ಮಾರಿದ ಹಣದಲ್ಲಿ ತಮ್ಮನನ್ನು ಓದಿಸಿದ. ಒಂದು ವರ್ಷ ಮೆಣಸಿಗೆ ಸೊರಗು ರೋಗ ಬಂದಾಗ ಸಾಲ ಮಾಡಿ ಫೀಸು ಕಳಿಸಿದ. ತಮ್ಮ ಹೆಸರುವಾಸಿಯಾದ. ಶಾಲೆಯ ವಾರ್ಷಿಕೋತ್ಸವಕ್ಕೆ ಅವನನ್ನು ಕರೆದು ಶಾಲು ಹೊದಿಸಿದರು. ಅಣ್ಣ ಅಂದು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ.

‘ಅವನು ತಟ್ಟಿದ್ದೇ ಎಲ್ಲರಿಗಿಂತ ಜೋರು’ ಎಂದರು ನಮ್ಮ ಹಿರಿಯರು. ‘ನಾನು ಪಕ್ಕದಲ್ಲೇ ಇದ್ದೆ.’

ಹಿರಿಯರ ವಿಷಯವೇನು ಎಂದು ಕೇಳಿದ್ದಕ್ಕೆ ಅವರು ಕೈಯಾಡಿಸಿಬಿಟ್ಟರು. ಆದರೆ ನಮಗೆ ಗೊತ್ತು. ಶಾಲೆಯಲ್ಲಿ ವಿಜ್ಞಾನದ ಮೇಷ್ಟರು ಮಳೆ ಅಳೆಯುವುದನ್ನು ಕಲಿಸಿದ್ದರಂತೆ. ಊರಿಗೆ ಬಂದ ವರ್ಷವೇ ಮಳೆಮಾಪಕ ನೆಟ್ಟು, ಅಂದಿನಿಂದ ಇಂದಿನವರೆಗೆ ದಿನವೂ ಬೆಳಿಗ್ಗೆ ನೋಡಿ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಹೂಮಳೆ ಯಾವ ದಿನ ಬಂತು, ಎಷ್ಟು ಇಂಚು ಬಂತು, ಅದರ ಬೆನ್ನಿಗೆ ಬರಬೇಕಾದ ಮಳೆ ಕೈಕೊಟ್ಟದ್ದು ಯಾವ ವರ್ಷ, ಎಲ್ಲವೂ ಅದರಲ್ಲಿದೆ. ಸುತ್ತಿನ ನಾಲ್ಕಾರು ಹಳ್ಳಿಯವರು ತುಂತುರು ನೀರಾವರಿ ಶುರುಮಾಡುವ ಮುಂಚೆ ಅವರ ಮನೆಗೆ ಹೋಗಿ ಆ ಪುಸ್ತಕ ನೋಡಿ ಬರುವುದುಂಟು. ಇದು ಬರೆಯುವಂಥದ್ದಲ್ಲವೆ?

ನಮ್ಮ ಅಭಿಪ್ರಾಯ

ಹೆಸರು ಮಾಡಿದವರನ್ನು ನೆನೆಯಬಾರದೆಂದು ನಾವು ಹೇಳುವುದಿಲ್ಲ. ತಿಮ್ಮಯ್ಯನವರನ್ನು ನೆನೆದರೆ ನಮ್ಮೆಲ್ಲರ ಎದೆಯೂ ಹಿಗ್ಗುತ್ತದೆ. ಪಾಲಿಬೆಟ್ಟದ ತೋಟದಲ್ಲಿ ಹುಟ್ಟಿದ ಹುಡುಗನೊಬ್ಬ ಇಪ್ಪತ್ತಮೂರಕ್ಕೇ ಸತ್ತನೆಂದರೆ, ಅವನು ದೊರೆಯ ಮಗನೇ ಆಗಿರಲಿ, ಮನಸ್ಸು ಕರಗುತ್ತದೆ. ಊರು ಬಿಟ್ಟು ಹೋದ ಮಕ್ಕಳನ್ನು ದೂರುವುದೂ ನಮ್ಮ ಉದ್ದೇಶವಲ್ಲ. ಎರಡೆಕರೆ ತೋಟ ಮೂವರು ಗಂಡುಮಕ್ಕಳಿಗೆ ಅನ್ನ ಹಾಕಲಾರದು ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? ಹೋಗಲೇಬೇಕಾದವರು ಹೋದರು, ದುಡಿದು ಕಳಿಸಿದರು, ಎಷ್ಟೋ ತೋಟಗಳು ಆ ಹಣದಿಂದ ಉಳಿದವು.

ನಮ್ಮ ಸಂಕಟ ಬೇರೆ. ಶಾಲೆಯ ಗೋಡೆಯ ಮೇಲೆ ಹೊರಟುಹೋದವರ ಹೆಸರು ಮಾತ್ರ ಇದ್ದರೆ, ವೇದಿಕೆಯ ಮೇಲೆ ಕೂರಿಸುವುದು ಹೊರಗಿನಿಂದ ಬಂದವರನ್ನು ಮಾತ್ರ ಆದರೆ, ಅದನ್ನು ನೋಡುವ ಹುಡುಗ ಕಲಿಯುವುದೇನು? ಓದಿದವನು ಊರು ಬಿಡಬೇಕು, ಊರಿನಲ್ಲಿ ಉಳಿದವನು ಸೋತವನು ಎಂದು ತಾನೆ? ಹಾಗೆ ಕಲಿತ ಹುಡುಗ ನಾಳೆ ತೋಟಕ್ಕೆ ಬಂದರೂ ಮುಖ ಸಣ್ಣದು ಮಾಡಿಕೊಂಡೇ ಬರುತ್ತಾನೆ. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ವಯಸ್ಸಾದ ಗಂಡಹೆಂಡಿರಿಬ್ಬರೇ ಕಣದಲ್ಲಿ ಕಾಫಿ ಹರಡುತ್ತಿದ್ದಾರೆ. ಮುಂದೆ ಈ ತೋಟ ಯಾರದು ಎಂಬ ಪ್ರಶ್ನೆಗೆ ಬೆಲೆ, ಕೂಲಿ, ಕಾಂಡಕೊರಕ ಇವೆಲ್ಲ ಒಂದು ಪಾಲು ಕಾರಣ. ಉಳಿದವನಿಗೆ ನಾವು ಮರ್ಯಾದೆ ಕೊಡದಿರುವುದೂ ಒಂದು ಪಾಲು ಕಾರಣವೇ.

ಸದಸ್ಯರಲ್ಲಿ ವಿನಂತಿ

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮದೊಂದು ವಿನಂತಿ. ಈ ಮಳೆಗಾಲದಲ್ಲಿ ಹೊರಗಿನ ಕೆಲಸ ನಿಂತ ದಿನ ಹಳೆಯ ಪೆಟ್ಟಿಗೆ ತೆಗೆದು ನಿಮ್ಮ ಶಾಲೆಯ ಗುಂಪು ಫೋಟೋ ಹುಡುಕಿ. ಅದರಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ, ಊರನ್ನೂ, ಇಸವಿಯನ್ನೂ ಬೇರೆ ಕಾಗದದಲ್ಲಿ ಸಾಲುಸಾಲಾಗಿ ಬರೆದು ಫೋಟೋ ಜೊತೆ ಇಡಿ. ಫೋಟೋದ ಹಿಂದೆಯೇ ಬರೆಯುವುದಾದರೆ ಮೆದು ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ; ಶಾಯಿ ನಮ್ಮ ಕಡೆಯ ಥಂಡಿಗೆ ಮುಂಬದಿಗೆ ಹರಿಯುತ್ತದೆ. ಮಳೆಗಾಲದಲ್ಲಿ ಗೋಡೆಗೆ ತೂಗುಹಾಕದೆ ಒಣಗಿದ ಡಬ್ಬಿಯಲ್ಲಿಡಿ.

ಹೆಸರಿನ ಜೊತೆ ಅವರೇನು ಮಾಡಿದರೆಂಬುದನ್ನು ಎರಡು ಸಾಲಿನಲ್ಲಾದರೂ ಬರೆಯಿರಿ. ಯಾರು ಯಾವ ಬೆಳೆ ತಂದರು, ಯಾರು ಯಾರಿಗೆ ಜಾಮೀನು ನಿಂತರು, ಯಾರು ತಂಗಿಯರ ಮದುವೆ ಮಾಡಿ ತಾವು ಹಾಗೇ ಉಳಿದರು, ಎಲ್ಲವೂ ಬರಲಿ. ನಪಾಸಾದವರನ್ನೂ ಎಳೆಯ ವಯಸ್ಸಿಗೇ ಹೋದವರನ್ನೂ ಬಿಡಬೇಡಿ. ಒಬ್ಬರಿಗೆ ನೆನಪಾಗದ ಹೆಸರು ಇನ್ನೊಬ್ಬರಿಗೆ ನೆನಪಾದೀತು. ಆದ್ದರಿಂದ ಸಂಘಕ್ಕೆ ಬರುವಾಗ ತನ್ನಿ. ಫೋಟೋವನ್ನು ಪ್ರತಿ ಮಾಡಿಕೊಂಡು ಅಲ್ಲೇ ಹಿಂದಿರುಗಿಸುತ್ತೇವೆ. ಮನೆಯವರ ಒಪ್ಪಿಗೆಯಿದ್ದರೆ ಒಂದೊಂದು ಸಂಚಿಕೆಯಲ್ಲಿ ಒಬ್ಬೊಬ್ಬರ ವಿಷಯ ಪ್ರಕಟಿಸುತ್ತೇವೆ.

ಇನ್ನೊಂದು ಮಾತು ಶಾಲೆಗಳ ಆಡಳಿತ ಮಂಡಳಿಗಳಲ್ಲಿರುವ ನಮ್ಮ ಸದಸ್ಯರಿಗೆ. ಈ ಸಲದ ವಾರ್ಷಿಕೋತ್ಸವಕ್ಕೆ ಊರಲ್ಲೇ ಉಳಿದು ತೋಟ ನಡೆಸಿದ ಒಬ್ಬ ಹಳೆಯ ವಿದ್ಯಾರ್ಥಿಯನ್ನು ಮುಖ್ಯ ಅತಿಥಿಯಾಗಿ ಕರೆಯಿರಿ. ಭಾಷಣ ಬಾರದಿದ್ದರೂ ಚಿಂತೆಯಿಲ್ಲ. ಅವರ ಮಳೆಯ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟು ನೋಡಲು ಬಿಡಿ, ಸಾಕು.

ನಮ್ಮ ಹಿರಿಯ ಸದಸ್ಯರ ಫೋಟೋದ ಜೊತೆ ಈಗ ಒಂದು ಪೂರ್ತಿ ಹಾಳೆಯಿದೆ. ಅವರು ಹೇಳಿದ ಹೆಸರುಗಳನ್ನು ಅವರ ಎದುರಿಗೇ ಬರೆದುಕೊಂಡೆವು. ನೆನಪಾಗದ ಮೂವರ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಹೊರಡುವ ಮುಂಚೆ ಅವರು ಹಾಳೆಯನ್ನು ಮತ್ತೊಮ್ಮೆ ಕೇಳಿ ಪಡೆದು, ಎಂಜಿನಿಯರ್ ಎಂದಿರುವ ಹೆಸರಿನ ಮೇಲೆ ಅಣ್ಣನ ಹೆಸರು ಬಂದಿದೆಯೇ ಎಂದು ಬೆರಳಿಟ್ಟು ನೋಡಿ, ಇದೆ ಎಂದು ಖಾತ್ರಿ ಮಾಡಿಕೊಂಡು, ಕೊಡೆ ಬಿಚ್ಚಿ ಮಳೆಗೆ ಇಳಿದರು.